ಸೂಜಿರಂಧ್ರ ಛಾಯಾಗ್ರಹಣದ ಕಮ್ಮಟ: ಕೈಯರಿವಿನ ಒಂದು ಮಾದರಿ

ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಗರ್ಭಗುಡಿಯ ಹಿಂಬದಿಗೆ ಕತ್ತಲ ಕೋಣೆಯೊಂದಿದೆ. ಸುಮಾರು 50 ಮೀಟರ್ ಎತ್ತರದ ಪೂರ್ವದ ರಾಜಗೋಪುರವು ಅಲ್ಲಿನ ಕಿರುಗಿಂಡಿಯ ಮೂಲಕ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಯಾತ್ರಿಕರು ಇದನ್ನು ‘ಗೋಪುರದ ನೆರಳು’ ಎನ್ನುತ್ತಾರೆ. ಕೆಲವರಿಗೆ ಅದು ದೈವಮಹಿಮೆ, ಕೆಲವರಿಗೆ ಶಿಲ್ಪಿಗಳ ಚಮತ್ಕಾರ. ಈ ಎರಡು ವಿವರಣೆಗಳಲ್ಲಿಯೂ ಕಂಡವನು ಕೇವಲ ನೋಡುಗನಾಗಿಯೇ ಉಳಿಯುತ್ತಾನೆ. ಅಂಥದೇ ಬಿಂಬವನ್ನು ಅವನು ತನ್ನ ಕೈಯಿಂದಲೇ ಮೂಡಿಸಬಲ್ಲವನಾದರೆ ಆ ಬೆರಗು ಅರಿವಾಗಿ ಮಾರ್ಪಡುತ್ತದೆ. ಸೂಜಿರಂಧ್ರ ಛಾಯಾಗ್ರಹಣ ಅಥವಾ ಪಿನ್‌ಹೋಲ್ ಛಾಯಾಗ್ರಹಣದ ಕಮ್ಮಟಗಳು ಮಾಡುವುದು ಇದನ್ನೇ. ಜ್ಞಾನಪ್ರಸರಣದ ಈ ಬಗೆ ಜಾನಪದ ಅಧ್ಯಯನದ ಗಮನಕ್ಕೆ ಅರ್ಹವಾಗಿದೆ.

ನೆರಳು ಮತ್ತು ಬಿಂಬ

ಬೆಳಕಿಗೆ ವಸ್ತುವೊಂದು ಅಡ್ಡ ಬಂದಾಗ ಬೀಳುವುದು ನೆರಳು; ವಸ್ತುವಿನಿಂದ ಬಂದ ಬೆಳಕೇ ರೂಪಿಸುವುದು ಬಿಂಬ. ಜನಬಳಕೆಯಲ್ಲಿ ಈ ಭೇದವಿಲ್ಲ. ಬಾವಿಯ ನೀರಿನಲ್ಲಿ ತನ್ನ ‘ನೆರಳ’ನ್ನು ಕಂಡು ಹಾರಿದ ಸಿಂಹದ ಕಥೆಯಲ್ಲಿ ಆ ಪದಕ್ಕೆ ಪ್ರತಿಬಿಂಬವೆಂಬ ಅರ್ಥವೇ ಇದೆ. ಆದ್ದರಿಂದ ಹಂಪೆಯ ‘ನೆರಳು’ ಅಜ್ಞಾನದ ಮಾತಲ್ಲ, ಪದದ ವಿಶಾಲ ಬಳಕೆ. ಸೂರ್ಯಗ್ರಹಣದ ವೇಳೆ ಮರದ ಎಲೆಗಳ ಸಂದುಗಳಿಂದ ಇಳಿದ ಬೆಳಕು ನೆಲದ ಮೇಲೆ ನೂರಾರು ಕುಡುಗೋಲಿನಾಕಾರಗಳನ್ನು ಬಿಡಿಸುತ್ತದೆ. ಜರಡಿ ಹಿಡಿದರೂ ಹಾಗೆಯೇ. 11ನೆಯ ಶತಮಾನದ ಹೊತ್ತಿಗೆ ಅರಬ್ ವಿದ್ವಾಂಸ ಇಬ್ನ್ ಅಲ್-ಹೈಥಮ್ ಗ್ರಹಣದ ಈ ಆಕಾರವನ್ನೇ ಕಿರುರಂಧ್ರದ ಮೂಲಕ ಶಾಸ್ತ್ರೀಯವಾಗಿ ಪರಿಶೀಲಿಸಿದ್ದನು.

ಇಲ್ಲಿ ಒಂದು ಎಚ್ಚರ ಅಗತ್ಯ. ಬಿಂಬ ಮೂಡುತ್ತದೆ ಎಂದಮಾತ್ರಕ್ಕೆ ದೇವಾಲಯ ಕಟ್ಟಿದವರು ಕ್ಯಾಮರಾವನ್ನು ಅರಿತಿದ್ದರೆಂದು ಸಾಧಿಸಲಾಗದು. ಕತ್ತಲ ಕೋಣೆ, ಕಿರುಗಿಂಡಿ ಮತ್ತು ಹೊರಗಿನ ಪ್ರಖರ ಬೆಳಕು ಕೂಡಿದಲ್ಲಿ ಬಿಂಬ ತಾನಾಗಿಯೇ ಮೂಡುತ್ತದೆ. ಬೆಳಕು ಸರಳರೇಖೆಯಲ್ಲಿ ಚಲಿಸುವುದರಿಂದ ಮೇಲಿನ ಕಿರಣ ಕೆಳಕ್ಕೂ ಕೆಳಗಿನ ಕಿರಣ ಮೇಲಕ್ಕೂ ತಲುಪುತ್ತದೆ.

ಪೆಟ್ಟಿಗೆಯ ರಚನೆ

ಕಮ್ಮಟದ ಸಾಮಗ್ರಿ ಮನೆಯದೇ: ಬಿಸ್ಕತ್ತಿನ ಡಬ್ಬಿ ಅಥವಾ ರಟ್ಟಿನ ಪೆಟ್ಟಿಗೆ, ಕಪ್ಪು ಬಣ್ಣ, ತಂಪುಪಾನೀಯದ ಡಬ್ಬಿಯಿಂದ ಕತ್ತರಿಸಿದ ತೆಳು ತಗಡು, ಹೊಲಿಗೆಯ ಸೂಜಿ, ಮರಳುಕಾಗದ, ಕಪ್ಪು ಟೇಪು. ಪೆಟ್ಟಿಗೆಯ ಒಳಮೈಗೆ ಕಪ್ಪು ಬಳಿದು, ತಗಡಿಗೆ ಸೂಜಿಯ ಮೊನೆಯಿಂದ ರಂಧ್ರ ಕೊರೆದು, ಅಂಚಿನ ಮುಳ್ಳನ್ನು ಮರಳುಕಾಗದದಿಂದ ಉಜ್ಜಲಾಗುತ್ತದೆ. ಟೇಪಿನ ತುಂಡೇ ಮುಚ್ಚಳ. ರಂಧ್ರಕ್ಕೂ ಕಾಗದಕ್ಕೂ 10 ಸೆಂ.ಮೀ. ಅಂತರವಿದ್ದರೆ ರಂಧ್ರದ ವ್ಯಾಸ ಸುಮಾರು 0.45 ಮಿ.ಮೀ. ಇರಬೇಕು. ಅದು ಹಿಗ್ಗಿದರೆ ಚಿತ್ರ ಮಸುಕಾಗುತ್ತದೆ. ತೀರ ಕುಗ್ಗಿದರೆ ಬೆಳಕು ಅಂಚಿನಲ್ಲಿ ಚದುರಿ ಮತ್ತೆ ಮಸುಕಾಗುತ್ತದೆ. ಈ ಪೆಟ್ಟಿಗೆಯನ್ನು ಹಂಪೆಯ ಗೋಪುರದಿಂದ 100 ಮೀಟರ್ ದೂರದಲ್ಲಿಟ್ಟರೆ ಅದರ ಬಿಂಬದ ಎತ್ತರ ಸುಮಾರು 5 ಸೆಂ.ಮೀ. ಬಿಂಬ ಮತ್ತು ವಸ್ತುವಿನ ಅನುಪಾತವನ್ನು ಕಲಿಯುವವನು ಅಳತೆಪಟ್ಟಿಯಿಂದಲೇ ಕಂಡುಕೊಳ್ಳುತ್ತಾನೆ.

ಕೆಂಪು ದೀಪದ ಕತ್ತಲಕೋಣೆಯಲ್ಲಿ ಛಾಯಾಚಿತ್ರದ ಕಾಗದವನ್ನು ಪೆಟ್ಟಿಗೆಗೆ ಸೇರಿಸಲಾಗುತ್ತದೆ. ಈ ಕಾಗದದ ಸಂವೇದನೆ ಕಡಿಮೆಯಾದ್ದರಿಂದ ಒಳ್ಳೆಯ ಬಿಸಿಲಿನಲ್ಲಿಯೂ ಅರ್ಧ ನಿಮಿಷದಿಂದ ಒಂದೆರಡು ನಿಮಿಷ ಬೆಳಕು ಬಿಡಬೇಕು. ಬಳಿಕ ಡೆವಲಪರ್ ದ್ರಾವಣದಲ್ಲಿ ಬಿಂಬ ನಿಧಾನವಾಗಿ ಹೊಮ್ಮುತ್ತದೆ, ಫಿಕ್ಸರ್‌ನಲ್ಲಿ ನೆಲೆಗೊಳ್ಳುತ್ತದೆ. ಅದರಲ್ಲಿ ಕಪ್ಪು-ಬಿಳುಪು ಅದಲುಬದಲಾಗಿರುತ್ತದೆ, ಎಡ-ಬಲವೂ ಅದಲುಬದಲಾಗಿರುತ್ತದೆ. ಇನ್ನೊಂದು ಕಾಗದದೊಡನೆ ಮುಖಾಮುಖಿಯಾಗಿಟ್ಟು, ಗಾಜಿನಿಂದ ಒತ್ತಿ ಬೆಳಕು ಹಾಯಿಸಿದರೆ ಎರಡೂ ಸರಿಹೋಗುತ್ತವೆ.

ತಪ್ಪಿನ ಮೂಲಕ ಕಲಿಕೆ

ಮೊದಲ ಕಾಗದ ಬಹುಮಟ್ಟಿಗೆ ಪೂರಾ ಕಪ್ಪಾಗಿಯೋ ಬರಿ ಬಿಳಿಯಾಗಿಯೋ ಹೊರಬರುತ್ತದೆ. ಅನುಭವಿ ಮಾರ್ಗದರ್ಶಕನು ಕಾರಣವನ್ನು ಹೇಳುವುದಿಲ್ಲ, ಕೇಳುತ್ತಾನೆ. ಮುಚ್ಚಳದ ಅಂಚಿನಿಂದ ಬೆಳಕು ಸೋರಿತೇ? ಮೋಡ ಕವಿದಾಗ ಸಮಯ ಹೆಚ್ಚಿಸಲಾಯಿತೇ? ಎರಡನೆಯ, ಮೂರನೆಯ ಯತ್ನದಲ್ಲಿ ಬಿಸಿಲಿನ ಹದ ಕಣ್ಣಿಗೆ ತಿಳಿಯತೊಡಗುತ್ತದೆ. ಕುಂಬಾರನು ಆವಿಗೆಯ ಬೆಂಕಿಯ ಹದವನ್ನು ಅರಿಯುವ ಕ್ರಮವೂ ಇದೇ. ಅಲ್ಲಿ ಸೂತ್ರವು ಅನುಭವದ ನಂತರ ಬರುತ್ತದೆ. ಕಲಿತದ್ದು ಕೈಯಲ್ಲಿ ಉಳಿಯುತ್ತದೆ. ನಾಣ್ಯ ಅಚ್ಚುಹಾಕುವ ಜಾಗಕ್ಕೆ ಸಲ್ಲುತ್ತಿದ್ದ ‘ಕಮ್ಮಟ’ ಎಂಬ ಹಳೆಯ ಪದವು ಇಂದು ಇಂಥ ಕೂಟಗಳಿಗೆ ಬಳಕೆಯಾಗುತ್ತಿರುವುದು ಅರ್ಥಪೂರ್ಣವಾಗಿದೆ.

ಜಗತ್ತಿನಾದ್ಯಂತ 2001ರಿಂದ ಏಪ್ರಿಲ್ ತಿಂಗಳ ಕೊನೆಯ ಭಾನುವಾರವನ್ನು ಪಿನ್‌ಹೋಲ್ ಛಾಯಾಗ್ರಹಣ ದಿನವಾಗಿ ಆಚರಿಸಲಾಗುತ್ತಿದೆ. ಆದರೆ ಕೈಕಸುಬಿನ ಈ ಸರಪಳಿ ಸಾಮಗ್ರಿಯ ಕಡೆಯಿಂದ ಸಡಿಲಗೊಂಡಿದೆ. ‘ಇಂದು’ ಹೆಸರಿನ ಫಿಲ್ಮು ಮತ್ತು ಕಾಗದಗಳನ್ನು ತಯಾರಿಸುತ್ತಿದ್ದ ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮುಚ್ಚಿಹೋಗಿದೆ. ಊರೂರಿನ ಸ್ಟುಡಿಯೋಗಳ ಕತ್ತಲಕೋಣೆಗಳೂ ಇಲ್ಲವಾಗುತ್ತಿವೆ. ಅವುಗಳೊಡನೆ ದ್ರಾವಣದ ಹದ ಬಲ್ಲ ಕೈಗಳೂ ಮರೆಯಾಗುತ್ತಿವೆ. ಎಲ್ಲರ ಕೈಯಲ್ಲಿ ಕ್ಯಾಮರಾ ಇರುವ ಕಾಲದಲ್ಲಿಯೇ ಚಿತ್ರ ಮೂಡುವ ಬಗೆ ಬಹುಜನರಿಗೆ ಅಪರಿಚಿತವಾಗಿದೆ.

ಕುಶಲಕಲೆಗಳನ್ನು ದಾಖಲಿಸುವ ಜಾನಪದ ಸಂಶೋಧನೆ ಈ ಸ್ಟುಡಿಯೋ ಕಸುಬುದಾರರ ಅರಿವನ್ನೂ ತನ್ನ ವ್ಯಾಪ್ತಿಗೆ ತಂದುಕೊಳ್ಳಬೇಕಾಗಿದೆ. ದಾಖಲೆಯೊಂದೇ ಸಾಲದು, ಅವರೇ ಮಾರ್ಗದರ್ಶಕರಾಗಿರುವ ಕಮ್ಮಟಗಳು ನಡೆಯಬೇಕು. ಅಂಥ ಕಮ್ಮಟದಲ್ಲಿ ಪೆಟ್ಟಿಗೆ ಕಟ್ಟಿದ ಬಾಲಕಿಯೊಬ್ಬಳು ವಿರೂಪಾಕ್ಷನ ಗುಡಿಯ ಕತ್ತಲಕೋಣೆಯಲ್ಲಿ ನಿಂತಾಗ ಬೆರಗಿಗೆ ಕೊರತೆಯಾಗದು. ತಾನು ನಿಂತಿರುವುದು ಕಲ್ಲಿನ ದೊಡ್ಡ ಪೆಟ್ಟಿಗೆಯೊಂದರ ಒಳಗೆ ಎಂಬುದು ಮಾತ್ರ ಅವಳಿಗೆ ತಿಳಿದಿರುತ್ತದೆ.