ಕೊಲೆಸ್ಟ್ರಾಲ್ ಇಳೀತು, ಯೂರಿಕ್ ಆಸಿಡ್ ಏರಿತು!

ಬ್ಲಡ್ ರಿಪೋರ್ಟ್ ಕೈಗೆ ಬಂದ ತಕ್ಷಣ ನಾವೆಲ್ಲ ಮಾಡೋದು ಒಂದೇ ಕೆಲಸ, ದಪ್ಪಕ್ಷರದಲ್ಲಿ ಏನಿದೆ ಅಂತ ಹುಡುಕೋದು. ಕೊಲೆಸ್ಟ್ರಾಲ್ ಇಳಿದಿದೆ, ಸಂತೋಷ. ಕೆಳಗೆ ನೋಡಿದ್ರೆ ಯೂರಿಕ್ ಆಸಿಡ್ 8. ಅಲ್ಲಿಗೆ ಮನೆಮಂದಿಯೆಲ್ಲ ಡಾಕ್ಟರ್. ‘ಆ ಮಾತ್ರೆ ಉಷ್ಣ, ನಿಲ್ಲಿಸಿಬಿಡಿ’ ಅಂತ ಒಬ್ಬರು. ‘ಬೇಳೆ ಸಾರು ಬಿಡಿ’ ಅಂತ ಇನ್ನೊಬ್ಬರು. ನಾನು ಡಾಕ್ಟರ್ ಅಲ್ಲ. ಆದರೆ ಈ ಮಾತು ಕೇಳಿ ಹೃದಯದ ಮಾತ್ರೆ ಬಿಟ್ಟವರನ್ನು ನೋಡಿದ್ದೇನೆ. ಅದಕ್ಕೇ ಇವತ್ತು ಈ ವಿಷಯ.

ಮೊದಲು ಯೂರಿಕ್ ಆಸಿಡ್ ಅಂದ್ರೇನು? ನಮ್ಮ ಜೀವಕೋಶಗಳಲ್ಲೂ ತಿನ್ನೋ ಆಹಾರದಲ್ಲೂ ಇರೋ ಪ್ಯೂರಿನ್ ಅನ್ನೋ ಅಂಶ ಒಡೆದಾಗ ಉಳಿಯೋ ಕಸ ಅದು. ಮೂರರಲ್ಲಿ ಎರಡು ಪಾಲನ್ನು ಕಿಡ್ನಿ ಹೊರಹಾಕುತ್ತೆ, ಉಳಿದದ್ದು ಕರುಳಿನ ಮೂಲಕ ಹೋಗುತ್ತೆ. ರಕ್ತದಲ್ಲಿ ಅದರ ಪ್ರಮಾಣ 7 ಮಿಲಿಗ್ರಾಂ ಆಸುಪಾಸು ದಾಟಿದ್ರೆ ಸೂಜಿಯಂಥ ಹರಳುಗಳಾಗಿ ಕೀಲುಗಳಲ್ಲಿ ಕೂರಬಹುದು. ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಕೆಂಪಾಗಿ ಊದಿ, ಹೊದಿಕೆ ತಾಗಿದ್ರೂ ಜೀವ ಹೋದಂತಾಗುತ್ತಲ್ಲ, ಅದೇ ಗೌಟ್. ಕಿಡ್ನಿಯಲ್ಲಿ ಕಲ್ಲೂ ಆಗಬಹುದು.

ಹಾಗಾದ್ರೆ ಕೊಲೆಸ್ಟ್ರಾಲ್ ಮಾತ್ರೆಯದು ತಪ್ಪಾ? ಯಾವ ಮಾತ್ರೆ ಅನ್ನೋದರ ಮೇಲೆ ಉತ್ತರ ನಿಂತಿದೆ. ಬಹುಪಾಲು ಜನ ನುಂಗೋದು ಸ್ಟಾಟಿನ್. ಹೃದ್ರೋಗಿಗಳ ಮೇಲೆ ಗ್ರೀಸ್‌ನಲ್ಲಿ ನಡೆದ ‘ಗ್ರೀಸ್’ ಹೆಸರಿನದೇ ಅಧ್ಯಯನದ ಲೆಕ್ಕ 2004ರಲ್ಲಿ ಪ್ರಕಟವಾಯ್ತು. ಅಟೋರ್ವಾಸ್ಟಾಟಿನ್ ತೆಗೆದುಕೊಂಡವರಲ್ಲಿ ಯೂರಿಕ್ ಆಸಿಡ್ ಸುಮಾರು 8 ಪರ್ಸೆಂಟ್ ಇಳಿದಿತ್ತು. ಸ್ಟಾಟಿನ್ ಇಲ್ಲದವರಲ್ಲಿ ಸುಮಾರು 3 ಪರ್ಸೆಂಟ್ ಏರಿತ್ತು! ಟ್ರೈಗ್ಲಿಸರೈಡ್‌ಗೆ ಕೊಡೋ ಫೆನೋಫೈಬ್ರೇಟ್ ಕೂಡ ಇದನ್ನು ಇಳಿಸುತ್ತೆ. ನಾವು ಬೈಯೋ ಮಾತ್ರೆಯೇ ಒಂದಿಷ್ಟು ಉಪಕಾರ ಮಾಡ್ತಿರಬಹುದು.

ಏರಿಸೋವು ಬೇರೆ ಇವೆ. ಒಂದು ನಯಾಸಿನ್. ಇನ್ನೊಂದು ಹೊಸದು, ಬೆಂಪೆಡೋಯಿಕ್ ಆಸಿಡ್. ಸ್ಟಾಟಿನ್ ಆಗಿಬರದವರಿಗೆ ಇದನ್ನು ಬರೆಯುತ್ತಾರೆ. ಇದು ಕಿಡ್ನಿಯಿಂದ ಯೂರಿಕ್ ಆಸಿಡ್ ಹೊರಹೋಗೋ ಬಾಗಿಲಿಗೇ ಅಡ್ಡ ನಿಲ್ಲುತ್ತೆ. 2023ರಲ್ಲಿ ಪ್ರಕಟವಾದ, ಸುಮಾರು 14 ಸಾವಿರ ಜನರ ಅಧ್ಯಯನದಲ್ಲಿ ಈ ಮಾತ್ರೆ ತೆಗೆದುಕೊಂಡ ನೂರು ಜನರಲ್ಲಿ ಮೂವರಿಗೆ ಗೌಟ್ ಬಂತು, ಬರೀ ಹುಸಿಮಾತ್ರೆ ನುಂಗಿದ ನೂರರಲ್ಲಿ ಇಬ್ಬರಿಗೆ. ಆದರೆ ಅದೇ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಅಪಾಯಗಳು ಒಟ್ಟಾರೆ 13 ಪರ್ಸೆಂಟ್ ಕಡಿಮೆಯಾದವು. ತಕ್ಕಡಿಯ ಎರಡೂ ತಟ್ಟೆ ನೋಡ್ಬೇಕು ಸ್ವಾಮಿ.

ಇನ್ನು ಅದೇ ಡಬ್ಬಿಯಲ್ಲಿರೋ ಪಕ್ಕದ ಮಾತ್ರೆಗಳನ್ನೂ ನೋಡಿ. ಬಿಪಿಗೆ ಕೊಡೋ ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ಥಾಲಿಡೋನ್ ಯೂರಿಕ್ ಆಸಿಡ್ ಏರಿಸುತ್ತವೆ. ರಕ್ತ ತೆಳು ಮಾಡೋ ಸಣ್ಣ ಡೋಸ್ ಆಸ್ಪಿರಿನ್ನೂ ಸ್ವಲ್ಪ ಏರಿಸುತ್ತೆ. ಬಿಪಿಯದೇ ಆದ ಲೋಸಾರ್ಟಾನ್ ಇಳಿಸುತ್ತೆ. ತಪ್ಪಿತಸ್ಥ ಒಬ್ಬ, ಶಿಕ್ಷೆ ಇನ್ನೊಬ್ಬನಿಗೆ ಆಗಬಾರದು.

ಯೂರಿಕ್ ಆಸಿಡ್ ಜಾಸ್ತಿ ಇರೋರಲ್ಲಿ ಹೃದ್ರೋಗ ಹೆಚ್ಚು ಕಾಣುತ್ತೆ, ನಿಜ. ಹಾಗಂತ ಔಷಧಿ ಹಾಕಿ ಅದನ್ನು ಇಳಿಸಿದ್ರೆ ಹೃದಯ ಉಳಿಯುತ್ತಾ? ಬ್ರಿಟನ್‌ನಲ್ಲಿ ಗೌಟ್ ಇಲ್ಲದ, ಅರವತ್ತು ದಾಟಿದ ಸುಮಾರು 5,700 ಹೃದ್ರೋಗಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ರು. 2022ರಲ್ಲಿ ಫಲಿತಾಂಶ ಬಂತು. ಅಲೋಪ್ಯೂರಿನಾಲ್ ಕೊಟ್ಟರೂ ಹೃದಯಕ್ಕೆ ಹೆಚ್ಚಿನ ಲಾಭ ಕಾಣಲಿಲ್ಲ. ನೋವಿಲ್ಲದೆ ಬರೀ ನಂಬರ್ ನೋಡಿ ಹೆದರೋದು ಬೇಡ ಅಂತ ಇದರರ್ಥ.

ಊಟದ ಮಾತಿಗೆ ಬಂದ್ರೆ, ಬೇಳೆ, ಸೊಪ್ಪು ಪಾಪದವು. ಬೋಟಿ, ಲಿವರ್, ಅತಿಯಾದ ಮಾಂಸ, ಮೀನು, ಬಿಯರ್, ಸಕ್ಕರೆ ತುಂಬಿದ ಕೂಲ್‌ಡ್ರಿಂಕ್ಸ್, ಕೈ ಬಿಗಿ ಹಿಡಿಯಬೇಕಾದ್ದು ಇಲ್ಲಿ. ನೀರು ಚೆನ್ನಾಗಿ ಕುಡೀರಿ, ಮಜ್ಜಿಗೆ ಬಿಡಬೇಡಿ. ಕಿಡ್ನಿ ಅಥವಾ ಹೃದಯದ ತೊಂದರೆಗೆ ನೀರಿನ ಮಿತಿ ಹೇಳಿದ್ರೆ ಮಾತ್ರ ಆ ಮಿತಿ ಮೀರಬೇಡಿ.

ಒಂದು ವ್ಯತ್ಯಾಸ ತಿಳಿದಿರಲಿ. ಒಂದೇ ಕೀಲು ಕೆಂಪಾಗಿ ಊದಿದ್ರೆ ಗೌಟ್ ಅನುಮಾನ. ಎರಡೂ ತೊಡೆ, ಭುಜದ ಸ್ನಾಯು ನೋಯ್ತಿದ್ರೆ ಸ್ಟಾಟಿನ್ ಕಾರಣ ಇರಬಹುದು. ಜೊತೆಗೆ ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ರಿಪೋರ್ಟ್ ಒಂದೇ ಸಾಲದು, ನುಂಗೋ ಮಾತ್ರೆಗಳ ಪಟ್ಟಿಯೆಲ್ಲ ಒಯ್ಯಿರಿ. ‘ಇದರಲ್ಲಿ ಯೂರಿಕ್ ಆಸಿಡ್ ಏರಿಸೋದು ಯಾವುದು? ಬದಲಿ ಇದೆಯಾ?’ ಅಂತ ಬಾಯಿಬಿಟ್ಟು ಕೇಳಿ. ಮಾತ್ರೆ ಬಿಡೋದೋ ಬದಲಿಸೋದೋ ಬರೆದುಕೊಟ್ಟವರು ತೀರ್ಮಾನಿಸಲಿ, ಪಕ್ಕದ ಮನೆಯವರಲ್ಲ.