ಹೊಸ ಬರಹವನ್ನು ಹುಡುಕಿ ತರುವ ಫೀಡ್

ಹತ್ತಾರು ಬ್ಲಾಗುಗಳನ್ನು ಮೆಚ್ಚಿ ಓದುವವರು ಹೊಸ ಬರಹ ಬಂದಿದೆಯೇ ಎಂದು ತಿಳಿಯಲು ಒಂದೊಂದನ್ನೂ ತೆರೆದು ನೋಡಬೇಕಾಗಿಲ್ಲ. ಆ ಕೆಲಸವನ್ನು ಯಂತ್ರಕ್ಕೆ ವಹಿಸಿಕೊಡುವ ಸಾಧನವೇ ಫೀಡ್. ಜಾಲತಾಣವೊಂದು ತನ್ನ ಇತ್ತೀಚಿನ ಬರಹಗಳ ಶೀರ್ಷಿಕೆ, ಕೊಂಡಿ, ಪ್ರಕಟವಾದ ಸಮಯ ಹಾಗೂ ಸಾರಾಂಶ ಅಥವಾ ಪೂರ್ಣಪಾಠವನ್ನು ಎಕ್ಸ್‌ಎಂಎಲ್‌ನಲ್ಲಿ, ಅಂದರೆ ಮಾಹಿತಿಯ ಪ್ರತಿಯೊಂದು ಅಂಶಕ್ಕೂ ಅದು ಏನೆಂಬ ಗುರುತು ಹಚ್ಚುವ ಕ್ರಮದಲ್ಲಿ, ಬರೆದಿಟ್ಟ ಕಡತಕ್ಕೆ ಈ ಹೆಸರು. ಬ್ಲಾಗಿನ ಪುಟ ಮನುಷ್ಯರ ಕಣ್ಣಿಗಾಗಿ ಸಿದ್ಧವಾದರೆ ಫೀಡ್ ತಂತ್ರಾಂಶದ ಓದಿಗಾಗಿ ಸಿದ್ಧವಾಗುತ್ತದೆ.

ಇಂತಹ ಕಡತಗಳನ್ನು ಓದುವ ತಂತ್ರಾಂಶವನ್ನು ಫೀಡ್ ರೀಡರ್ ಎನ್ನುತ್ತಾರೆ. ಓದುಗರು ಆಯ್ದುಕೊಟ್ಟ ವಿಳಾಸಗಳಿಗೆ ಅದು ಆಗಾಗ ಹೋಗಿ ಕಡತವನ್ನು ಕೇಳುತ್ತದೆ. ಪ್ರತಿ ಬರಹಕ್ಕೂ ಬೇರೆ ಬೇರೆಯಾಗಿರುವ ಗುರುತು ಕಡತದಲ್ಲಿಯೇ ಇರುವುದರಿಂದ, ಹಿಂದೆ ಕಂಡದ್ದನ್ನು ಬಿಟ್ಟು ಹೊಸದನ್ನು ಮಾತ್ರ ಓದುಗರ ಮುಂದಿಡುತ್ತದೆ. ಸಾವಿರಾರು ರೀಡರ್‌ಗಳು ಹೀಗೆ ಪದೇ ಪದೇ ಕೇಳಿದರೆ ಸರ್ವರ್ ಬಳಲಬೇಕಲ್ಲವೇ ಎಂಬ ಸಂದೇಹ ಸಹಜವಾದುದು. ಅದಕ್ಕೆ ವೆಬ್ಬಿನ ನಿಯಮಾವಳಿಯಲ್ಲಿಯೇ ಸೊಗಸಾದ ಉತ್ತರವಿದೆ: ಸರ್ವರ್ ಕಡತದೊಂದಿಗೆ ಅದರ ಆವೃತ್ತಿಯನ್ನು ಸೂಚಿಸುವ ಇಟ್ಯಾಗ್ ಎಂಬ ಚಿಕ್ಕ ಗುರುತನ್ನು ಕಳುಹಿಸುತ್ತದೆ, ರೀಡರ್ ಮುಂದಿನ ಸಲ ಆ ಗುರುತನ್ನು ತೋರಿಸಿ ಕೇಳುತ್ತದೆ, ಏನೂ ಬದಲಾಗಿರದಿದ್ದರೆ ಸರ್ವರ್ ಕಡತವನ್ನು ಮತ್ತೆ ಕಳುಹಿಸದೆ 304 ಎಂಬ ಸಂಕೇತವನ್ನಷ್ಟೇ ಮರಳಿಸುತ್ತದೆ.

1999ರಲ್ಲಿ ನೆಟ್‌ಸ್ಕೇಪ್ ಸಂಸ್ಥೆ ತನ್ನ ಪೋರ್ಟಲ್‌ಗಾಗಿ ಹೊರತಂದ ಆರ್‌ಎಸ್‌ಎಸ್ ಎಂಬ ಮಾದರಿಯಿಂದ ಈ ಪದ್ಧತಿ ವ್ಯಾಪಕವಾಯಿತು. ಅದನ್ನು ರೂಪಿಸಿದವರಲ್ಲಿ ಮದ್ರಾಸ್ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ ಒಬ್ಬರು. ಮುಂದೆ ಡೇವ್ ವೈನರ್ ಅದನ್ನು ಸರಳಗೊಳಿಸುತ್ತ ಹೋದರು, ಇನ್ನೊಂದು ಗುಂಪು ಬೇರೆ ದಾರಿ ಹಿಡಿಯಿತು, 2005ರಲ್ಲಿ ಆಟಮ್ ಎಂಬ ಮತ್ತೊಂದು ಮಾನಕವೂ ಬಂತು. ಇಂದಿನ ರೀಡರ್‌ಗಳು ಎಲ್ಲವನ್ನೂ ಓದಬಲ್ಲವಾದ್ದರಿಂದ ಆ ಭಿನ್ನತೆ ಓದುಗರನ್ನು ಕಾಡುವುದಿಲ್ಲ. ಪಾಡ್‌ಕಾಸ್ಟ್‌ಗಳ ಹೊಸ ಕಂತುಗಳು ಕೇಳುಗರ ಫೋನಿಗೆ ಬರುವುದೂ ಧ್ವನಿಕಡತದ ವಿಳಾಸವನ್ನು ಹೊತ್ತ ಆರ್‌ಎಸ್‌ಎಸ್ ಫೀಡಿನ ಮೂಲಕವೇ.

ಫೀಡಿನ ನಿಜವಾದ ಬೆಲೆ ತಿಳಿಯುವುದು ಅಪರೂಪಕ್ಕೆ ಬರೆಯುವವರ ವಿಷಯದಲ್ಲಿ. ಸಾಮಾಜಿಕ ಜಾಲತಾಣಗಳು ಯಾವ ಬರಹ ಮೇಲೆ ಕಾಣಬೇಕೆಂಬುದನ್ನು ಬಹುಮಟ್ಟಿಗೆ ತಮ್ಮ ಲೆಕ್ಕಾಚಾರದಿಂದ ತೀರ್ಮಾನಿಸುವುದರಿಂದ, ತಿಂಗಳುಗಟ್ಟಲೆ ಮೌನವಾಗಿದ್ದು ಒಮ್ಮೆ ಬರೆಯುವ ಲೇಖಕರು ಅಲ್ಲಿ ಸುಲಭವಾಗಿ ಮರೆಯಾಗುತ್ತಾರೆ; ಫೀಡಿನಲ್ಲಿಯಾದರೋ ಆ ಮೌನಕ್ಕೆ ಯಾವ ದಂಡವೂ ಇಲ್ಲ, ವರ್ಷದ ಬಳಿಕ ಬಂದ ಬರಹವೂ ದಿನಾಂಕದ ಕ್ರಮದಲ್ಲಿ ತನ್ನ ಸ್ಥಾನದಲ್ಲಿ ಬಂದು ನಿಲ್ಲುತ್ತದೆ. ಬಿಡುವಾದಾಗ ಬರೆಯುವ ಕನ್ನಡದ ಬ್ಲಾಗಿಗರಿಗೆ ಇದಕ್ಕಿಂತ ನ್ಯಾಯವಾದ ಏರ್ಪಾಡು ಸಿಗುವುದು ಕಷ್ಟ. ಬ್ಲಾಗ್‌ಸ್ಪಾಟ್ ಮತ್ತು ವರ್ಡ್‌ಪ್ರೆಸ್‌ಗಳು ಫೀಡನ್ನು ತಾವಾಗಿಯೇ ತಯಾರಿಸುವುದರಿಂದ ಅವರು ಪ್ರತ್ಯೇಕವಾಗಿ ಏನನ್ನೂ ಮಾಡಬೇಕಾಗಿಯೂ ಇಲ್ಲ, ಓದುಗರು ಬ್ಲಾಗಿನ ವಿಳಾಸವನ್ನು ಕೊಟ್ಟರೆ ಹೆಚ್ಚಿನ ರೀಡರ್‌ಗಳು ಫೀಡನ್ನು ತಾವೇ ಪತ್ತೆಹಚ್ಚುತ್ತವೆ. ಕನ್ನಡ ವಿಕಿಪೀಡಿಯದ ಇತ್ತೀಚಿನ ಬದಲಾವಣೆಗಳನ್ನೂ ಹೀಗೆಯೇ ಹಿಂಬಾಲಿಸಬಹುದು.

ಓದುಗರು ಕಟ್ಟಿಕೊಂಡ ವಿಳಾಸಗಳ ಪಟ್ಟಿಯನ್ನು ಒಪಿಎಂಎಲ್ ಎಂಬ ಒಂದೇ ಕಡತವಾಗಿ ಹೊರತೆಗೆದು ಬೇರೊಂದು ರೀಡರ್‌ಗೆ ಒಯ್ಯುವ ಅನುಕೂಲವೂ ಇದೆ. 2013ರ ಜುಲೈನಲ್ಲಿ ಗೂಗಲ್ ತನ್ನ ಜನಪ್ರಿಯ ರೀಡರ್ ಸೇವೆಯನ್ನು ನಿಲ್ಲಿಸಿದಾಗ, ಪಟ್ಟಿಯನ್ನು ಮೊದಲೇ ಹೊರತೆಗೆದಿಟ್ಟುಕೊಂಡಿದ್ದವರಿಗೆ ತಾವು ಮೆಚ್ಚಿದ ಒಂದು ಬ್ಲಾಗನ್ನೂ ಕಳೆದುಕೊಳ್ಳದೆ ಬೇರೆ ರೀಡರ್‌ಗಳಲ್ಲಿ ಓದನ್ನು ಮುಂದುವರಿಸಲು ಸಾಧ್ಯವಾಯಿತು.