ದ್ವಿಚಕ್ರವೀರ ಮಾರ್ಕ್ ಕ್ಯಾವೆಂಡಿಷ್

ಬೈಸಿಕಲ್ಲನ್ನು ಶಾಲೆಗೂ ಸಂತೆಗೂ ಹೋಗುವ ವಾಹನವೆಂದಷ್ಟೇ ಬಲ್ಲವರಿಗೆ, ಅದನ್ನೇರಿ ಮೂರು ವಾರಗಳಲ್ಲಿ ಮೂರು ಸಾವಿರಕ್ಕೂ ಮಿಕ್ಕಿದ ಕಿಲೋಮೀಟರುಗಳನ್ನು ಕ್ರಮಿಸುವ ಸ್ಪರ್ಧೆಯೊಂದುಂಟೆಂಬುದು ವಿಸ್ಮಯವೆನಿಸಬಹುದು. 1903ರಲ್ಲಿ ಆರಂಭವಾದ ‘ಟೂರ್ ದ ಫ್ರಾನ್ಸ್’ ಅಂತಹ ಸ್ಪರ್ಧೆ. ಒಟ್ಟು ಕಾಲವನ್ನೆಣಿಸಿ ನೀಡುವ ಅಗ್ರಸ್ಥಾನ ಅಲ್ಲಿ ಒಂದು ಬಗೆಯಾದರೆ, ದಿನದಿನದ ಹಂತವನ್ನು ಗೆದ್ದವರಿಗೆ ಸಲ್ಲುವ ಕೀರ್ತಿ ಮತ್ತೊಂದು ಬಗೆ. ಈ ಎರಡನೆಯದರಲ್ಲಿ 35 ಜಯಗಳನ್ನು ಗಳಿಸಿ ದಾಖಲೆ ಸ್ಥಾಪಿಸಿದವರು ಮಾರ್ಕ್ ಕ್ಯಾವೆಂಡಿಷ್.

ಇಂಗ್ಲೆಂಡು ಐರ್ಲೆಂಡುಗಳ ನಡುವಣ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ 1985ರ ಮೇ 21ರಂದು ಜನಿಸಿದ ಇವರು, ತಾರುಣ್ಯದಲ್ಲಿ ಬ್ಯಾಂಕೊಂದರಲ್ಲಿ ದುಡಿದು ಹಣ ಕೂಡಿಟ್ಟು ಈ ವೃತ್ತಿಗಿಳಿದರು. ಇವರು ‘ಸ್ಪ್ರಿಂಟರ್’, ಎಂದರೆ ಕ್ಷಿಪ್ರಧಾವಕರ ವರ್ಗಕ್ಕೆ ಸೇರಿದವರು. ಪರ್ವತಾರೋಹಣದಲ್ಲಿ ಹಿಂದುಳಿಯುವ ಈ ಸವಾರರ ಪ್ರತಾಪವೆಲ್ಲ ಸಮತಲದ ಹಂತದ ಕೊನೆಯ ಇನ್ನೂರು ಮೀಟರುಗಳಲ್ಲಿ. ಅಲ್ಲಿಯತನಕ ಅವರನ್ನು ಕಾಪಾಡಿ ತರುವವರು ಸಂಗಡಿಗರು. ವೇಗವಾಗಿ ಸಾಗುವವನಿಗೆ ಗಾಳಿಯೇ ಪರಮಶತ್ರು. ಮುಂದಿನವನ ಬೆನ್ನಿಗಂಟಿ ಸಾಗಿದರೆ ಶ್ರಮದ ಬಹುಭಾಗ ಉಳಿಯುತ್ತದೆ. ಆದಕಾರಣ ಸಂಗಡಿಗರು ಒಬ್ಬರಾದ ಮೇಲೊಬ್ಬರಂತೆ ಎದೆಯೊಡ್ಡಿ ಗಾಳಿಯನ್ನು ಸೀಳಿ, ಶಕ್ತಿಗುಂದಿದೊಡನೆ ಪಕ್ಕಕ್ಕೆ ಸರಿಯುತ್ತಾರೆ. ಕಟ್ಟಕಡೆಯವನು ಸರಿದಾಗ ಸ್ಪ್ರಿಂಟರ್ ಹೊರಚಿಮ್ಮುತ್ತಾನೆ. ಕ್ಯಾವೆಂಡಿಷ್‌ರಿಗೆ ಬಹುಕಾಲ ಈ ಕಟ್ಟಕಡೆಯ ಸೇವೆ ಸಲ್ಲಿಸಿದವರು ಆಸ್ಟ್ರೇಲಿಯದ ಮಾರ್ಕ್ ರೆನ್‌ಷಾ. ಚಿತ್ರಪಟಗಳಲ್ಲಿ ಕೈಯೆತ್ತಿದ ವಿಜೇತನೊಬ್ಬನೇ ಕಾಣುವುದು ಈ ಕ್ರೀಡೆಯ ಒಂದು ಅನ್ಯಾಯವೆಂದೇ ಹೇಳಬೇಕು.

2008ರಲ್ಲಿ ನಾಲ್ಕು ಹಂತಗಳನ್ನೂ, ಮರುವರ್ಷ ಆರನ್ನೂ ಗೆದ್ದ ಇವರು, 2009ರಿಂದ 2012ರವರೆಗೆ ಸತತ ನಾಲ್ಕು ಬಾರಿ ಪ್ಯಾರಿಸ್ಸಿನ ಅಂತಿಮ ಹಂತವನ್ನೂ ಗೆದ್ದರು. 2011ರಲ್ಲಿ ವಿಶ್ವ ಚಾಂಪಿಯನ್ ಪಟ್ಟವೂ ಒಲಿಯಿತು. ಆದರೂ ಆ ದಿನಗಳ ಕ್ಯಾವೆಂಡಿಷ್‌ರನ್ನು ಜನ ಮೆಚ್ಚಿದರೇ ವಿನಾ ಎಲ್ಲರೂ ಪ್ರೀತಿಸಿದರೆನ್ನಲಾಗದು. ಮಾತು ಖಾರ, ಕೋಪ ಮೂಗಿನ ತುದಿಯಲ್ಲಿ. ಅಹಂಕಾರಿ ಎಂದವರಿಗೆ ಕೊರತೆಯಿರಲಿಲ್ಲ.

ಜನರ ಅಂತಃಕರಣ ಇವರತ್ತ ಹರಿದುದು ಜಯ ಕೈಬಿಟ್ಟ ಮೇಲೆ. 2016ರ ವೇಳೆಗೆ ಜಯಗಳ ಸಂಖ್ಯೆ 30 ಮುಟ್ಟಿತ್ತು. 2017ರಲ್ಲಿ ಎಪ್‌ಸ್ಟೈನ್ ಬಾರ್ ವೈರಾಣುವಿನ ಸೋಂಕು ದೇಹವನ್ನು ಕುಗ್ಗಿಸಿತು; 2018ರಲ್ಲಿ ಮಾನಸಿಕ ಖಿನ್ನತೆ ಇದೆಯೆಂದು ವೈದ್ಯರು ತಿಳಿಸಿದರು. ಈ ಎರಡನೆಯದನ್ನು ಇವರು ಮುಚ್ಚಿಡಲಿಲ್ಲ. 2019 ಮತ್ತು 2020ರ ಟೂರ್‌ಗೆ ಆಯ್ಕೆಯೂ ಆಗಲಿಲ್ಲ. 2020ರ ಅಕ್ಟೋಬರಿನಲ್ಲಿ ಬೆಲ್ಜಿಯಮ್ಮಿನ ಪಂದ್ಯವೊಂದು ಮುಗಿದಾಗ, ಇದೇ ತಮ್ಮ ಕೊನೆಯ ಪಂದ್ಯವಾಗಿರಬಹುದೆಂದು ಬಹಿರಂಗವಾಗಿ ಕಣ್ಣೀರಿಟ್ಟರು. ಮರುವರ್ಷ ತಂಡದ ಮುಖ್ಯ ಸ್ಪ್ರಿಂಟರ್ ಮೊಣಕಾಲಿನ ನೋವಿನಿಂದ ಹೊರಗುಳಿದಾಗ, ಕಡೆಯ ಗಳಿಗೆಯಲ್ಲಿ ಇವರಿಗೆ ಕರೆ ಬಂದಿತು. ಐದು ವರ್ಷಗಳ ತರುವಾಯ ಫೂಝೇರ್ ಪಟ್ಟಣದಲ್ಲಿ ಗೆದ್ದರು. ಮತ್ತೆ ಮೂರು ಬಾರಿ ಗೆದ್ದು, ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್ ಅವರ 34 ಜಯಗಳ ದಾಖಲೆಯನ್ನು ಸರಿಗಟ್ಟಿದರು. (ಬೆಟ್ಟ ಬಯಲುಗಳೆರಡರಲ್ಲೂ ಗೆದ್ದ ಮರ್ಕ್ಸ್ ಅವರೊಡನೆ ಇವರನ್ನು ತೂಗುವುದು ಉಚಿತವಲ್ಲ, ಅವರ ಮಾರ್ಗವೇ ಬೇರೆ.)

2023ರಲ್ಲಿ ಬಿದ್ದು ಕೊರಳೆಲುಬು ಮುರಿಯಿತು. ನಿವೃತ್ತಿಯ ನಿರ್ಧಾರವನ್ನು ಬದಿಗಿಟ್ಟು 2024ರಲ್ಲಿ ಮರಳಿದರು. ಮೊದಲ ದಿನವೇ ಇಟಲಿಯ ಉರಿಬಿಸಿಲಿನಲ್ಲಿ ವಾಂತಿಯಾಗಿ ಬಹುದೂರ ಹಿಂದುಳಿದಾಗ, ಸಂಗಡಿಗರು ಸುತ್ತುವರಿದು ಕಾಲಮಿತಿಯೊಳಗೆ ಗುರಿ ಮುಟ್ಟಿಸಿದರು. ಜುಲೈ 3ರಂದು ಸೇಂಟ್ ವುಲ್ಬಾಸ್‌ನಲ್ಲಿ, ತಮ್ಮ 39ನೆಯ ವಯಸ್ಸಿನಲ್ಲಿ, 35ನೆಯ ಜಯ ಸಾಧಿಸಿದರು. ಸೋತ ಪ್ರತಿಸ್ಪರ್ಧಿಗಳೇ ಒಬ್ಬೊಬ್ಬರಾಗಿ ಬಂದು ಅಪ್ಪಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಸಿಂಗಪುರದ ಪಂದ್ಯವನ್ನು ಗೆದ್ದು ನಿವೃತ್ತರಾದರು.